ಮಕ್ಕಳಪ್ಪನ ಕಲ್ಲು

ಸ್ಕಾಟ್ಲೆಂಡಿನಿಂದ ಕಾಗದ ಬಂತು,
ಬೆಳಗಾವಿ ಕ್ಯಾಂಪಿನ ಹಳೇ ಗೋರಿಗಳ ಕಾವಲುಗಾರನಿಗೆ,
ಅಂದರೆ ನಮ್ಮಪ್ಪನಿಗೆ.
ಅಪ್ಪ ಕನ್ನಡಕ ಹುಡುಕಿದ, ಸಿಗಲಿಲ್ಲ.
ನಾನೇ ಓದಿದೆ.

ಬರೆದವಳು ನಿವೃತ್ತ ಟೀಚರು.
ಮೆಕ್ಕಿಲಪ್ ಎಂಬ ಅಡ್ಡಹೆಸರಿನವರನ್ನೆಲ್ಲ
ಒಂದು ವಹಿಯಲ್ಲಿ ಕೂಡಿಹಾಕುತ್ತಿದ್ದಾಳಂತೆ:
ಹಿಮದ ಕಡಲಿಗೆ ಹೋಗಿ ಎರಡು ಬೆರಳು ಬಿಟ್ಟು ಬಂದವನು,
ದೊರೆಯೆದುರು ಟೊಪ್ಪಿಗೆ ತೆಗೆಯದೆ ಸೆರೆಮನೆ ಕಂಡವನು,
ಕುರಿಗಳ ಕಾಲುಬೇನೆಗೆ ಮದ್ದು ಅರೆದ ಹೆಣ್ಣುಮಗಳು,
ಸಾಲ ಮಾಡಿ ಸೇತುವೆ ಕಟ್ಟಿ
ಅದರ ಮೇಲೆ ನಡೆಯುವ ಮೊದಲೇ ಸತ್ತವನು.
‘ನಿಮ್ಮಲ್ಲಿ ಯಾರಾದರೂ ಇದ್ದಾರೆಯೇ,
ಹೇಳಿಕೊಳ್ಳುವಂಥವರು?’

ಅಪ್ಪ ನಕ್ಕ. “ಅದಾರಲ್ಲ, ಮೂರು ಮಂದಿ.
ಹೇಳ್ಕೊಳ್ಳಾಕ ಬಾಯಿ ಮಾತ್ರ ಇಲ್ಲ.”

ಭಾನುವಾರ, ಸಿಪಾಯಿಗಳ ಕಹಳೆ ಮುಗಿದ ಮೇಲೆ,
ಹುಲ್ಲು ಸರಿಸಿ, ತೆಂಗಿನ ನಾರಿನಿಂದ ತಿಕ್ಕಿ ನೋಡಿದೆವು.
ಮಾರ್ಗರೆಟ್, ಹನ್ನೊಂದು ತಿಂಗಳು. ಇಷ್ಟೇ.
ತಲೆಯ ಬಳಿ ಕಲ್ಲಿನ ಕುರಿಮರಿ, ಒಂದು ಕಿವಿ ಒಡೆದಿದೆ.
ಆಚೆ ಒಬ್ಬ ಬ್ಯಾಂಡ್ ಮಾಸ್ತರ;
ಕಲ್ಲಿನ ತುತ್ತೂರಿಯೊಳಗೆ ಕಣಜ ಗೂಡು ಕಟ್ಟಿ
ಇಸವಿ ಓದಗೊಡಲಿಲ್ಲ.
ಗೋಡೆಯ ಪಕ್ಕಕ್ಕೆ ಜಾನ್. ದಂಡಿನವನು.
ಹತ್ತೊಂಬತ್ತು ವರ್ಷ. ಕಾಲರಾ. ಮದುವೆಯಿಲ್ಲ.

ಈ ಜಾನನ ಕಲ್ಲಿಗೇ
ಅರಿಷಿಣ, ಕುಂಕುಮ, ಹಸಿರು ಬಳೆ,
ಗಂಟು ಗಂಟು ದಾರ.
ಕಣಬರ್ಗಿಯಿಂದ, ಅನಗೋಳದಿಂದ
ಮಡಿಲು ತುಂಬದವರು ಅಮಾಸೆಗೆ ಬರುತ್ತಾರೆ.
ಮೆಕ್ಕಿಲಪ್ ಎನ್ನಲು ಹೊರಳದ ಯಾವ ನಾಲಗೆಯೋ
ಎಂದೋ ಅಂದಿತು: ಮಕ್ಕಳಪ್ಪ.
ಹೆಸರು ನೆಲಕ್ಕೆ ಬಿತ್ತು, ಬೇರು ಬಿಟ್ಟಿತು.
ಮೀಸೆ ಸರಿಯಾಗಿ ಮೂಡದ ಹುಡುಗ
ಎಷ್ಟು ತೊಟ್ಟಿಲು ತೂಗಿದನೋ.

ಸಭೆಯ ಹಿರಿಯರು ಬಂದು ಹೇಳಿದ್ದರು, ತೊಳೆದುಬಿಡು ಅದನ್ನ.
“ತೊಳದ್ರ ಅಕ್ಷರ ಸವೀತಾವ್ರಿ” ಅಂದಿದ್ದ ಅಪ್ಪ.
ನಾನು ಹುಟ್ಟಿದ್ದು ಅವರ ಮದುವೆಯಾದ ಹನ್ನೆರಡನೇ ವರ್ಷಕ್ಕೆ.
ಅವ್ವ ದಾರ ಕಟ್ಟಿದ್ದಳೋ ಇಲ್ಲವೋ
ಕೇಳಿಲ್ಲ. ಕೇಳುವುದೂ ಇಲ್ಲ.

ಕಾಗದದ ಕೊನೆಗೆ, ಚಿಕ್ಕ ಅಕ್ಷರದಲ್ಲಿ,
ಟೀಚರಲ್ಲವೇ, ಒಂದು ಪಾಠ:
ಮ್ಯಾಕ್ ಎಂದರೆ ಮಗ.
ಕಿಲಪ್ ಎಂದರೆ, ಅವರ ಹಳೇ ಮಾತಿನಲ್ಲಿ, ಫಿಲಿಪ್ಪ.
ಮೆಕ್ಕಿಲಪ್: ಫಿಲಿಪ್ಪನ ಮಗ.

ಅಪ್ಪ ಕುಡುಗೋಲು ಕೆಳಗಿಟ್ಟ.

ನಮ್ಮ ಕಡೆ ಉಳ್ಳಾಗಡ್ಡಿಯವರಿದ್ದಾರೆ,
ಮೆಣಸಿನಕಾಯಿ, ಬೆಲ್ಲದ, ತುಪ್ಪದ;
ಒಂದು ಓಣಿಯ ಬಾಗಿಲಫಲಕ ಓದುತ್ತ ನಡೆದರೆ
ಅಡುಗೆಯೇ ಆದೀತು.
ನಮಗೆ ಅಡ್ಡಹೆಸರಿಲ್ಲ.
ಇದ್ದದ್ದು ಊರು ದೂರ ನಿಂತು ಕರೆಯುತ್ತಿದ್ದ ಹೆಸರು.
ಅದನ್ನು ಅಜ್ಜ ಹಳ್ಳದ ಆಚೆ ಬಿಟ್ಟು ಬಂದ.
ದೀಕ್ಷಾಸ್ನಾನದ ವಹಿಯಲ್ಲಿ
ಹೆಸರು: ಫಿಲಿಪ್ಪ.
ಅಡ್ಡಹೆಸರು: ಒಂದು ಅಡ್ಡಗೀಟು.
ಶಾಲೆಯವ, ಬ್ಯಾಂಕಿನವ, ರೇಶನ್ ಕಾರ್ಡಿನವ
ಎಲ್ಲರೂ ಆ ಗೀಟಿನ ಮೇಲೆ ಬೆರಳಿಟ್ಟು
ತಲೆಯೆತ್ತಿ ನಮ್ಮ ಮುಖ ನೋಡುತ್ತಿದ್ದರು.

“ಹಂಗಾದ್ರ,” ಅಂದ ಅಪ್ಪ,
ಫಿಲಿಪ್ಪನ ಮಗ ಯೋನಪ್ಪ,
ಕುರಿಮರಿಯ ಬೆನ್ನು ಸವರುತ್ತ,
“ಇವ್ರೆಲ್ಲಾ ನಮ್ಮ ಮಂದಿ ಆದ್ರಲ್ಲ.”

ರಾತ್ರಿ ಉತ್ತರ ಬರೆಯಲು ಕೂತೆ.
ಮಾರ್ಗರೆಟ್.
ಬ್ಯಾಂಡ್ ಮಾಸ್ತರ, ಇಸವಿ ತಿಳಿಯದು, ಕಣಜಗಳಿವೆ.
ಜಾನ್. ಮಕ್ಕಳು: ಲೆಕ್ಕವಿಲ್ಲ.
ನಾಲ್ಕು ಎಂದು ಅಂಕಿ ಹಾಕಿ
ಪೆನ್ನು ನಿಲ್ಲಿಸಿದೆ. ಹೇಳಿಕೊಳ್ಳುವಂಥದ್ದು ಏನು ಬರೆಯಲಿ,
ನಲವತ್ತೊಂದು ಮಳೆಗಾಲದ ಹುಲ್ಲು ಕೊಯ್ದವನ ಬಗ್ಗೆ?

ಒಳಗಿನಿಂದ ಕೂಗಿದ:
“ಆ ಕುರಿಮರಿ ಕಿವಿಗೆ ಸಿಮೆಂಟ್ ಹಚ್ಚಲೇನು,
ಅವ್ರನ್ನ ಕೇಳಿ ಬರಿ.”
ಆಮೇಲೆ, ಹಾಸಿಗೆ ಕೊಡವಿದ ಸದ್ದು.
“ಬ್ಯಾಡ ಬಿಡು. ನಾನ ಹಚ್ತೀನಿ.
ಮನೀ ಕೂಸು.”